ಕೇಳಿದ್ರ ತಲಿಯಾಗ ಹಾಕಿದಂಗ ಆಗ್ತೈತೇನ್ರಿ?

ಪ್ರಶ್ನೆ: ನಮ್ದು ಸಿಂಧನೂರು ತಾಲೂಕು, ಭತ್ತದ ಹೊಲ ಐತಿ. ಮಗ ರಾಯಚೂರಾಗ ಹಾಸ್ಟೆಲ್‌ನ್ಯಾಗಿದ್ದು ಸೆಕೆಂಡ್ ಪಿಯು ಸೈನ್ಸ್ ಓದ್ತಿದ್ದ, ಫಿಸಿಕ್ಸ್ ಹೋತು ಅಂತ ಗೊತ್ತಾದ ಮ್ಯಾಲೆ ಮನಿಗೆ ಬಂದು ಹದಿನೈದು ದಿನ ಆತು, ಊಟ ಸೇರವಲ್ದು, ರಾತ್ರಿಯೆಲ್ಲಾ ಎದ್ದಿರ್ತಾನ. ಮೊನ್ನೆ ತನ್ನ ಕ್ರಿಕೆಟ್ ಬ್ಯಾಟ್ ಚಿಗವ್ವನ ಮಗನಿಗೆ ಕೊಟ್ಟುಬಿಟ್ಟ. ‘ನಾ ಇರಲಿಲ್ಲಂದ್ರ ನಿಮಗ ಖರ್ಚ್ ಉಳಿತೈತಿ’ ಅಂದ. ಅವ್ರಪ್ಪ ನಾಟಕ ಬಿಡು ಅಂತಾರ. ನಾ ಅಂಬಾದೇವಿಗೆ ಹರಕಿ ಹೊತ್ತೀನಿ. ಸಾಯೋ ವಿಚಾರ ಐತೇನು ಅಂತ ಕೇಳಿದ್ರ, ಇಲ್ಲದ್ದು ತಲಿಯಾಗ ಹಾಕಿದಂಗ ಆಗಂಗಿಲ್ಲೇನ್ರಿ?

ಉತ್ತರ: ಆಗಂಗಿಲ್ಲ ಅಕ್ಕಾರ. ಕೇಳಿದ್ರಿಂದ ಆ ವಿಚಾರ ಹುಟ್ಟಂಗಿಲ್ಲ, ಒಳಗಿದ್ರ ಹೊರಗ ಬರಾಕ ದಾರಿ ಆಗ್ತೈತಿ. ಇವತ್ತ ಕೇಳ್ರಿ. ಎಲ್ಲರ ಮುಂದ ಬ್ಯಾಡ, ನೀವಿಬ್ರ ಇದ್ದಾಗ, ‘ನಿದ್ದಿ ಇಲ್ಲ, ಊಟ ಇಲ್ಲ, ನೋಡಾಕತ್ತೀನಪ್ಪ, ಸಾಯಬೇಕು ಅನ್ನಿಸಾಕತ್ತೈತೇನು?’ ಅಂತ ಸೀದಾ ಕೇಳಿ ಸುಮ್ನ ಕೂಡ್ರಿ. ಹೂಂ ಅಂದ್ರ ಬೈಬ್ಯಾಡ್ರಿ, ನನ್ನ ಮ್ಯಾಲೆ ಆಣಿ ಮಾಡು ಅನ್ನಬ್ಯಾಡ್ರಿ, ಆಣಿ ಮಾಡಿಸ್ಕೊಂಡ್ರ ಅವ ಮುಂದ ಹೇಳೋದನ್ನ ಬಂದ್ ಮಾಡ್ತಾನ ಅಷ್ಟ. ‘ಹೇಳಿದ್ದು ಚಲೋ ಆತು’ ಅನ್ರಿ, ಅವತ್ತೇ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ, ಅಲ್ಲೀತನ ಒಬ್ಬನ್ನ ಬಿಡಬ್ಯಾಡ್ರಿ.

ನಾಟಕ ಅಂದ್ರಲ್ಲ ನಿಮ್ಮ ಯಜಮಾನ್ರು, ಆ ಮಾತಿಗೆ ನಂಗ ಸಿಟ್ಟು ಬಂತು ನೋಡ್ರಿ. ಜೀವದಂಗಿದ್ದ ಸಾಮಾನು ಕೊಟ್ಟುಬಿಡೋದು, ನಾ ಇರಲಿಲ್ಲಂದ್ರ ಅನ್ನೋದು, ನಿದ್ದಿ ಕೆಡೋದು ಒಟ್ಟಿಗಿ ಕಂಡಾಗ ಹೌದೋ ಅಲ್ಲೋ ಅಂತ ಕಾಯಾಕ ಹೋಗಬಾರದು. ನಾಳೆ ಒಮ್ಮಿಂದೊಮ್ಮೆಲೆ ನಕ್ಕೊಂತ ಅಡ್ಡಾಡಿದ್ರೂ ಆರಾಮಾದ ಅಂತ ಕೈ ಬಿಡಬ್ಯಾಡ್ರಿ. ಯಜಮಾನ್ರಿಗೂ ಒಂದ್ ಕೆಲ್ಸ ಹಚ್ರಿ: ಭತ್ತಕ್ಕ ಹೊಡಿಯೋ ಎಣ್ಣಿ ಡಬ್ಬಿ ಒಂದೂ ಮನ್ಯಾಗ ಇರಬಾರ್ದು, ಹೊಲದ ಶೆಡ್ಡಿನ್ಯಾಗೂ ಬ್ಯಾಡ, ನಂಬಿಗಸ್ತರ ಮನ್ಯಾಗ ಕೀಲಿ ಹಾಕಿ ಇಡಿಸ್ಲಿ, ಗುಳಿಗಿನೂ ಅಷ್ಟ. ಸಾಯೋ ಮನಸು ಭಾಳ ಸಲ ಸ್ವಲ್ಪ ಹೊತ್ತಿಂದು, ಆ ಹೊತ್ತಿನ್ಯಾಗ ಕೈಗೆ ಏನೂ ಸಿಗದಿದ್ರ ಹುಡುಗ ಉಳಿತಾನ.

ಹರಕಿ ಇರ್ಲಿ, ಡಾಕ್ಟರ್ ಮೊದ್ಲು. 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಪುಕ್ಕಟೆ, 24 ತಾಸು, ಕನ್ನಡದಾಗ ಮಾತಾಡ್ತಾರ, ಮಗ ಒಲ್ಲೆ ಅಂದ್ರ ನೀವ ಮಾತಾಡ್ರಿ. ರಾಯಚೂರಿನ ಸರ್ಕಾರಿ ಆಸ್ಪತ್ರಿ ರಿಮ್ಸ್‌ನ್ಯಾಗ ಮಾನಸಿಕ ಡಾಕ್ಟರ್ ಸಿಗ್ತಾರ. ಹುಚ್ಚರ ಡಾಕ್ಟರ್ ಅಂತ ಮಂದಿ ಅಂದ್ರ ಅನ್ಲಿ, ಜಿಲ್ಲಾ ಮಟ್ಟದಾಗ ಈ ಚಿಕಿತ್ಸೆ ಕೊಡೋದನ್ನ ನಿಮ್ಹಾನ್ಸ್‌ನವ್ರು 1980ರ ದಶಕದಾಗ ಮಾಡಿ ತೋರ್ಸಿದ್ದ ನಮ್ಮ ಬಳ್ಳಾರಿಯಾಗ, ಆಮ್ಯಾಲೆ ದೇಶಕ್ಕೆಲ್ಲಾ ಹೋತು.

ಫಿಸಿಕ್ಸ್ ಪರೀಕ್ಷೆ ಮತ್ತ ಬರೀಬಹುದು. ಆದ್ರ ಅದನ್ನ ಇವತ್ತ ಎತ್ತಬ್ಯಾಡ್ರಿ, ಮೊದ್ಲು ಅವಂಗ ನಿದ್ದಿ ಬರ್ಲಿ.