ಪೋಕರ್‌ನಲ್ಲಿ ಫೋಲ್ಡ್ ಮಾಡಿದ (ಎಲೆ ಬಿಟ್ಟು ಆ ಸಲದ ಆಟದಿಂದ ಹೊರಬಂದ) ಮೇಲೆ, ನಡೆಯುತ್ತಿರುವ ಆಟದ ಬಗ್ಗೆ ಮಾತಾಡಬಹುದೇ?

ಇಲ್ಲ. ನಿಮ್ಮ ಎಲೆ ಕೆಳಗಿಟ್ಟಿದ್ದರೂ ಉಳಿದವರ ದುಡ್ಡು ಇನ್ನೂ ನಡುವೆಯೇ ಇದೆ.

ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಎಲೆಗಳಾಗಿ 9-9-4 ಬಿತ್ತು ಅಂದುಕೊಳ್ಳಿ. ನೀವು ಆಗಲೇ ಒಂದು 9 ಬಿಸಾಡಿದ್ದೀರಿ, 'ಅಯ್ಯೋ' ಅಂತ ಹಣೆ ಚಚ್ಚಿಕೊಂಡಿರಿ. ಹೊರಗೆ ಉಳಿದಿದ್ದ ಎರಡು 9ರಲ್ಲಿ ಒಂದು ಹೋಯಿತೆಂದು ಎಲ್ಲರಿಗೂ ತಿಳಿಯಿತು. ಈಗ ಒಬ್ಬ 9 ಇದೆ ಎಂಬಂತೆ ದೊಡ್ಡ ಬೆಟ್ ಕಟ್ಟಿ ಬ್ಲಫ್ ಮಾಡಿದರೆ ಎದುರಿನವನು ನಂಬುವುದಿಲ್ಲ, ಸಣ್ಣ ಜೋಡಿ ಹಿಡಿದೇ ಕಾಲ್ ಮಾಡುತ್ತಾನೆ (ಅಷ್ಟೇ ದುಡ್ಡು ಕಟ್ಟಿ ಆಟದಲ್ಲಿ ಉಳಿಯುತ್ತಾನೆ). ಬಾಯಿ ಬಿಡದಿದ್ದರೂ ಮುಖಭಾವವೇ ಸಾಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

'ಅವನ ಹತ್ತಿರ ಫ್ಲಶ್ (ಒಂದೇ ಗುರುತಿನ ಐದು ಎಲೆ) ಇರಬೇಕು' ಎನ್ನುವ ಊಹೆಯೂ, 'ಕಾಲ್ ಮಾಡಿಬಿಡಿ' ಎನ್ನುವ ಸಲಹೆಯೂ ತಪ್ಪೇ. ಒಂದು ಕೈಗೆ ಒಬ್ಬನೇ ಆಟಗಾರ, ಅಂದರೆ ತನ್ನ ಎಲೆಗಳ ನಿರ್ಧಾರವನ್ನು ಅವನೊಬ್ಬನೇ ತೆಗೆದುಕೊಳ್ಳಬೇಕು. ಬಿಸಾಡಿದ ಎಲೆಯನ್ನು ಪಕ್ಕದವರಿಗೆ ತೋರಿಸುವುದೂ ಬೇಡ. ಟೂರ್ನಮೆಂಟ್‌ನಲ್ಲಿ ಮೊದಲು ಎಚ್ಚರಿಕೆ ಸಿಗಬಹುದು, ಮತ್ತೆ ಮಾಡಿದರೆ ಕೆಲವು ಸುತ್ತು ಹೊರಗೆ ಕೂರಿಸಲೂಬಹುದು.

ಬಾಯಿ ತೆರೆಯಬೇಕಾದ ಸಂದರ್ಭವೂ ಇದೆ. ಕೊನೆಯಲ್ಲಿ ಎಲೆಗಳನ್ನು ಮುಖ ಮೇಲಾಗಿ ಟೇಬಲ್ ಮೇಲೆ ಇಟ್ಟ ನಂತರ ಡೀಲರ್ (ಎಲೆ ಹಂಚುವವರು) ಒಬ್ಬರ ಸ್ಟ್ರೇಟ್ (ಕ್ರಮವಾಗಿ ಬರುವ ಐದು ಎಲೆ) ಗಮನಿಸದೆ ಪಾಟ್ (ನಡುವಿನ ದುಡ್ಡು) ಬೇರೆಯವರತ್ತ ತಳ್ಳುತ್ತಿದ್ದರೆ, ಆಟದಲ್ಲಿಲ್ಲದವರೂ ತಕ್ಷಣ ಹೇಳಬೇಕು. ಆಟಗಾರನ ಎಲೆ ಇನ್ನೂ ಅವನ ಕೈಯಲ್ಲೇ ಇದ್ದರೆ ಮಾತ್ರ, ನಿಮಗೆ ಕಂಡಿದ್ದರೂ ಸುಮ್ಮನಿರಿ.