ಪುಸ್ತಕ ದೊಡ್ಡದು, ಬೆನ್ನು ಸೀಳಿದೆ: ಮನೆಯಲ್ಲೇ ಸ್ಕ್ಯಾನರ್ ಕಟ್ಟಬಹುದೇ?

ಪ್ರಶ್ನೆ: ನನ್ನ ಬಳಿ ಹಳೆಯ ಪತ್ರಿಕೆಗಳ ಬೈಂಡ್ ಮಾಡಿಸಿದ ಸಂಪುಟಗಳಿವೆ. ಪುಟ ಸುಮಾರು ಎ2 ಅಳತೆಯದು, ಅಂದರೆ 42 × 59 ಸೆಂ.ಮೀ. ಸಂಪುಟದ ದಪ್ಪ 8 ಸೆಂ.ಮೀ. ಹಾಳೆಯ ಅಂಚು ಮುಟ್ಟಿದರೆ ಉದುರುತ್ತದೆ, ಬೆನ್ನು ಒಂದೆರಡು ಕಡೆ ಸೀಳಿದೆ. ವಿ ಆಕಾರದ ಪೀಠ, ಎರಡು ಕ್ಯಾಮೆರಾ, ಮೇಲಿನಿಂದ ಇಳಿಯುವ ಗಾಜು ಇರುವ ಸ್ಕ್ಯಾನರ್ ಅನ್ನು ನಾನೇ ಕಟ್ಟೋಣ ಅಂದುಕೊಂಡಿದ್ದೇನೆ. ಇದು ಸರಿಯಾದ ದಾರಿಯೇ?

ಉತ್ತರ: ಸಾಮಾನ್ಯ ಅಳತೆಯ, ಗಟ್ಟಿಮುಟ್ಟಾದ ಪುಸ್ತಕವಾಗಿದ್ದರೆ ಖಂಡಿತ ಕಟ್ಟಿ ಅನ್ನುತ್ತಿದ್ದೆ. 2009ರಲ್ಲಿ ಡೇನಿಯಲ್ ರೀಟ್ಜ್ ಎಂಬುವರು ಇಂಥ ಸ್ಕ್ಯಾನರ್ ಕಟ್ಟುವ ಬಗೆಯನ್ನು ಎಲ್ಲರಿಗೂ ತೆರೆದಿಟ್ಟರು. ಆಮೇಲೆ ಬಹಳ ಜನ ಅದನ್ನು ತಮಗೆ ಬೇಕಾದಂತೆ ಬದಲಿಸಿ ಕಟ್ಟಿಕೊಂಡಿದ್ದಾರೆ. ವ್ಯಾಸಪೀಠದಂತೆ ತೆರೆದ ಪೀಠದ ಮೇಲೆ ಪುಸ್ತಕ ಕೂರುತ್ತದೆ, ಗಾಜು ಇಳಿದು ಎರಡೂ ಪುಟಗಳನ್ನು ಸಮ ಮಾಡುತ್ತದೆ, ಒಂದೇ ಸಲಕ್ಕೆ ಎರಡು ಚಿತ್ರ ಸಿಗುತ್ತವೆ. ಅದರ ಗುಣ ಅಂದರೆ ವೇಗ. ಆದರೆ ನಿಮ್ಮ ಸಂಪುಟಕ್ಕೆ ಬೇಕಿರುವುದು ವೇಗ ಅಲ್ಲ. ಪುಡಿಯಾಗುವ ಹಾಳೆಯನ್ನು ಮಗುಚುವುದೇ ನಿಧಾನದ ಕೆಲಸ. ಕ್ಯಾಮೆರಾ ಎಷ್ಟು ಬೇಗ ಕ್ಲಿಕ್ಕಿಸಿದರೂ ಅಲ್ಲಿ ಸಮಯ ಉಳಿಯುವುದಿಲ್ಲ.

ಗಾಜಿನ ಲೆಕ್ಕವನ್ನೂ ನೋಡಿ. 4 ಮಿ.ಮೀ. ದಪ್ಪದ ಎ2 ಗಾಜು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಎರಡು ಸೇರಿದರೆ 5 ಕಿಲೋ. ಚೌಕಟ್ಟಿನ ತೂಕ ಬೇರೆ. ಇದೆಲ್ಲ ಪ್ರತಿ ಸಲವೂ ಸೀಳಿದ ಬೆನ್ನಿನ ಹತ್ತಿರವೇ ಇಳಿಯಬೇಕು. ಗಾಜಿನ ಬದಲು ಅಕ್ರಿಲಿಕ್ ಪ್ಲಾಸ್ಟಿಕ್ ಹಾಕಿದರೆ ತೂಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ಒರೆಸಿದಾಗ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಉದುರುವ ಕಾಗದದ ಚೂರುಗಳು ಅದಕ್ಕೇ ಅಂಟಿಕೊಂಡು ಬರುತ್ತವೆ.

ಹಾಗಾಗಿ ನನ್ನ ಸಲಹೆ ಇಷ್ಟೇ: ಒಂದು ಕ್ಯಾಮೆರಾ, ಒಂದು ಸಲಕ್ಕೆ ಒಂದು ಪುಟ, ಪುಸ್ತಕ ಅರ್ಧವಷ್ಟೇ ತೆರೆದಿರಲಿ. ಚಿತ್ರ ತೆಗೆಯುವ ಪುಟ ಮೇಜಿನ ಮೇಲೆ ಮಟ್ಟಸವಾಗಿ ಮಲಗಿರಬೇಕು. ಇನ್ನೊಂದು ಬದಿಯ ರಟ್ಟು ಮತ್ತು ಮಗುಚಿದ ಹಾಳೆಗಳು 100ರಿಂದ 110 ಡಿಗ್ರಿ ಕೋನದಲ್ಲಿ ನಿಂತ ಒಂದು ಹಲಗೆಗೆ ಒರಗಿರಬೇಕು. ಹಲಗೆ ಸ್ವಲ್ಪ ಹಿಂದಕ್ಕೆ ಬಾಗಿರುವುದರಿಂದ ಹಾಳೆಗಳು ಮುಂದಕ್ಕೆ ಬೀಳುವುದಿಲ್ಲ. ಪುಸ್ತಕವನ್ನು ಪೂರ್ತಿ ಬಿಚ್ಚದೆ ಚಿತ್ರ ತೆಗೆಯುವ ಈ ಉಪಾಯ ಹೊಸದೇನಲ್ಲ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಮಾನ್‌ಫ್ರೆಡ್ ಮೇಯರ್ ಹಸ್ತಪ್ರತಿಗಳಿಗಾಗಿ ರೂಪಿಸಿದ ಮೇಜು ಕೂಡ ಇದೇ ಜಾಡಿನದು.

ಮೊದಲು ಬಲಪುಟಗಳನ್ನೆಲ್ಲ ಮುಗಿಸಿ. ಆಮೇಲೆ ಪುಸ್ತಕವನ್ನು ಅರ್ಧ ಸುತ್ತು ತಿರುಗಿಸಿ, ಹಿಂದಿನ ರಟ್ಟನ್ನು ಹಲಗೆಗೆ ಒರಗಿಸಿ, ಕೊನೆಯ ಹಾಳೆಯಿಂದ ಮೊದಲಿನ ಕಡೆಗೆ ಎಡಪುಟಗಳನ್ನು ತೆಗೆಯುತ್ತಾ ಬನ್ನಿ. ಚಿತ್ರಗಳು ತಲೆಕೆಳಗಾಗಿ ಬರುತ್ತವೆ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಟ್ಟಿಗೆ ತಿರುಗಿಸಿಕೊಂಡರಾಯಿತು.

ಕಟ್ಟುವಾಗ ಹೆಚ್ಚಿನವರು ಮರೆಯುವ ವಿಷಯ ಒಂದಿದೆ. ಹಾಳೆ ಮಗುಚಿದಷ್ಟೂ ಕೆಳಗಿನ ರಾಶಿ ತಗ್ಗುತ್ತದೆ, ಒರಗಿದ ರಾಶಿ ದಪ್ಪವಾಗುತ್ತದೆ. ಕ್ಯಾಮೆರಾ 1 ಮೀಟರ್ ಎತ್ತರದಲ್ಲಿದ್ದರೆ, 8 ಸೆಂ.ಮೀ. ತಗ್ಗುವ ಹೊತ್ತಿಗೆ ಪುಟದ ಚಿತ್ರ ಶೇ 7ಕ್ಕಿಂತ ಜಾಸ್ತಿ ಚಿಕ್ಕದಾಗುತ್ತದೆ. ಫೋಕಸ್ ಕೂಡ ಕೈಕೊಡುತ್ತದೆ. ಇದಕ್ಕೆ ಯಂತ್ರ ಗಿಂತ್ರ ಏನೂ ಬೇಡ. 5 ಮಿ.ಮೀ. ಪ್ಲೈವುಡ್ ತುಂಡುಗಳನ್ನು ಕತ್ತರಿಸಿಟ್ಟುಕೊಳ್ಳಿ. ರಾಶಿ ಅಷ್ಟು ತಗ್ಗಿದಾಗಲೆಲ್ಲ ಪುಸ್ತಕ ಮಲಗಿರುವ ಹಲಗೆಯ ಅಡಿಗೆ ಒಂದನ್ನು ತೂರಿಸಿ. ಎಷ್ಟು ತಗ್ಗಿದೆ ಅಂತ ನೋಡಲು ಪಕ್ಕದಲ್ಲಿ ಮೊದಲ ಪುಟದ ಮಟ್ಟಕ್ಕೆ ಒಂದು ದಾರವನ್ನು ಬಿಗಿದು ಕಟ್ಟಿದರೆ ಸಾಕು. ಒರಗುವ ಹಲಗೆಯ ಅಡಿಗೆ ಡ್ರಾಯರ್ ಚಾನೆಲ್ ಹಾಕಿಸಿ, ರಾಶಿ ದಪ್ಪವಾದಂತೆ ಹಿಂದಕ್ಕೆ ಸರಿಯಲಿ. ಅದು ಸರಿಯದಿದ್ದರೆ ಎಳೆತವೆಲ್ಲ ಬೆನ್ನಿನ ಹೊಲಿಗೆಗೇ ಬೀಳುತ್ತದೆ.

ಹಲಗೆಗಳಿಗೆ ಪ್ಲೈವುಡ್ ಸಾಕು. ಮೇಲೆ ಒಗೆದ ಹತ್ತಿ ಬಟ್ಟೆ ಬಿಗಿಯಿರಿ, ಬೆನ್ನು ಕೂರುವ ಜಾಗದಲ್ಲಿ ಮೆತ್ತನೆಯ ಫೋಮ್ ಇರಲಿ. ಹಸಿ ಬಣ್ಣ, ಹಸಿ ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಪುಸ್ತಕವನ್ನು ಹತ್ತಿರ ತರಬೇಡಿ.

ಪ್ರಶ್ನೆ: ಇಷ್ಟು ದೊಡ್ಡ ಪುಟಕ್ಕೆ ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಲುತ್ತದಾ?

ಉತ್ತರ: ಒಂದೇ ಚಿತ್ರದಲ್ಲಿ ಸಾಲದು. 6000 × 4000 ಪಿಕ್ಸೆಲ್ಲಿನಲ್ಲಿ ಎ2 ಪುಟವನ್ನು ಹಿಡಿದರೆ ಇಂಚಿಗೆ ಸಿಗುವುದು ಹೆಚ್ಚೆಂದರೆ 240 ಪಿಕ್ಸೆಲ್. ಪತ್ರಿಕೆಯ ಸಣ್ಣ ಅಕ್ಷರಕ್ಕೆ ಕನಿಷ್ಠ 300 ಬೇಕು. 45 ಮೆಗಾಪಿಕ್ಸೆಲ್ ಕ್ಯಾಮೆರಾ ಬಾಡಿಗೆಗೆ ಸಿಕ್ಕರೆ ತನ್ನಿ. ಇಲ್ಲವಾದರೆ ಪುಟದ ಮೇಲರ್ಧ, ಕೆಳಗರ್ಧ ಬೇರೆ ಬೇರೆ ತೆಗೆದು ಜೋಡಿಸಿ. ಆಗ ನಡುವೆ ಚಿತ್ರದ ಕಾಲು ಭಾಗದಷ್ಟು ಎರಡರಲ್ಲೂ ಬರಲಿ. ಸರಿಸಬೇಕಾದ್ದು ಕ್ಯಾಮೆರಾವನ್ನು, ಪುಸ್ತಕವನ್ನಲ್ಲ.

ಲೆನ್ಸ್ 50 ಅಥವಾ 60 ಮಿ.ಮೀ. ಮ್ಯಾಕ್ರೋ (ಹತ್ತಿರದ ವಸ್ತುಗಳಿಗೆಂದೇ ಮಾಡಿದ್ದು) ಆಗಿದ್ದರೆ ಒಳ್ಳೆಯದು, ಅಂಚಿನವರೆಗೂ ಅಕ್ಷರ ಚೂಪಾಗಿ ಬರುತ್ತದೆ. ಅಪರ್ಚರ್ ಎಫ್/8, ಐಎಸ್‌ಒ 100, ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನ್ಯುಯಲ್, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ರೂಪ). ಬಟನ್ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ, ಅದಕ್ಕೆ ರಿಮೋಟ್ ಬಳಸಿ. ಕ್ಯಾಮೆರಾ ಪುಟಕ್ಕೆ ನೇರವಾಗಿದೆಯಾ ಅಂತ ತಿಳಿಯಲು, ಪುಸ್ತಕ ಇಡುವ ಮುಂಚೆ ಹಲಗೆಯ ಮೇಲೆ ಚಪ್ಪಟೆಯಾದ ಕನ್ನಡಿ ಇಟ್ಟು ನೋಡಿ. ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಕಂಡರೆ ಸರಿಯಾಗಿದೆ ಅಂತ ಅರ್ಥ. ಸ್ಪಿರಿಟ್ ಲೆವೆಲ್‌ಗಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ.

ದೀಪ ಎರಡು ಸಾಕು, ಒರಗುವ ಹಲಗೆಯ ನೆರಳು ಬೀಳದಂತೆ ಪುಟದ ಮೇಲಂಚು, ಕೆಳಗಂಚಿನ ಕಡೆಗಳಿಂದ 45 ಡಿಗ್ರಿ ಕೋನದಲ್ಲಿ. ಎರಡೂ ಒಂದೇ ಕಂಪನಿಯ, ಒಂದೇ ಬಗೆಯ ಎಲ್‌ಇಡಿ ಆಗಿರಲಿ. ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ಕ್ಕಿಂತ ಮೇಲಿರಲಿ. ಕಿಟಕಿಯ ಬೆಳಕು ಹೊತ್ತು ಹೊತ್ತಿಗೂ ಬದಲಾಗುತ್ತದೆ, ಪರದೆ ಎಳೆದುಬಿಡಿ. ಚಿತ್ರದಲ್ಲಿ ಅಡ್ಡಡ್ಡ ಪಟ್ಟಿ ಕಂಡರೆ ಅದು ಎಲ್‌ಇಡಿ ಮಿನುಗುವ ದೋಷ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿ ನೋಡಿ.

ಪ್ರಶ್ನೆ: ಗಾಜು ಇಲ್ಲದಿದ್ದರೆ ಪುಟ ಡೊಂಕಾಗಿ ಬರುವುದಿಲ್ಲವೇ?

ಉತ್ತರ: ಸ್ವಲ್ಪ ಬರುತ್ತದೆ. ಬರಲಿ ಬಿಡಿ. ಎದ್ದ ಅಂಚನ್ನು ಪಾಲಿಯೆಸ್ಟರ್ ಹಾಳೆಯ ಕಿರುಪಟ್ಟಿಯಿಂದ ಮೆಲ್ಲಗೆ ಹಿಡಿದಿಡಬಹುದು, ಅದು ಅಕ್ಷರದ ಮೇಲೆ ಬಾರದಂತೆ ನೋಡಿಕೊಳ್ಳಿ. ಬೆನ್ನಿನ ಕಡೆಯ ಬಾಗುವಿಕೆಯನ್ನು ಸ್ಕ್ಯಾನ್ ಟೇಲರ್‌ನಂಥ ಉಚಿತ ತಂತ್ರಾಂಶ ಬಹುಮಟ್ಟಿಗೆ ನೇರ ಮಾಡುತ್ತದೆ. ಅಕ್ಷರ ಓದಲು ಬಂದರೆ, ನೋಟಕ್ಕೆ ಚಂದ ಕಾಣಲಿ ಅಂತ ಸುಮ್ನೆ ಹಾಳೆಯನ್ನು ಒತ್ತಬೇಡಿ. ಹಿಂಬದಿಯ ಮುದ್ರಣ ಮೂಡಿ ಕಾಣುತ್ತಿದ್ದರೆ ಹಾಳೆಯ ಕೆಳಗೆ ಕಪ್ಪು ಕಾಗದ ಇಡಿ.

ಪ್ರಶ್ನೆ: ಬಿಳಿ ಕೈಗವಸು ಹಾಕಬೇಕಾ?

ಉತ್ತರ: ಬೇಡ. ಬಟ್ಟೆಯ ಗವಸಿನಲ್ಲಿ ಬೆರಳಿಗೆ ಹಾಳೆಯ ಅಂದಾಜು ಸಿಗುವುದಿಲ್ಲ, ಹರಿದ ಅಂಚು ನೂಲಿಗೆ ಸಿಕ್ಕಿಕೊಳ್ಳುತ್ತದೆ. ತೊಳೆದು ಒರೆಸಿದ ಕೈಯೇ ಮೇಲು. ಬೂಷ್ಟು ಕಂಡರೆ ಮಾತ್ರ ನೈಟ್ರೈಲ್ ಗವಸು, ಎನ್95 ಮಾಸ್ಕ್ ಎರಡೂ ಬೇಕು. ಆ ಸಂಪುಟವನ್ನು ಉಳಿದವುಗಳಿಂದ ದೂರ ಇಡಿ.

ಪ್ರಶ್ನೆ: ಮಗುಚುವಾಗಲೇ ಹಾಳೆ ಮುರಿದರೆ?

ಉತ್ತರ: ಮರದ ತಿರುಳಿನಿಂದ ಮಾಡಿದ ಪತ್ರಿಕೆಯ ಕಾಗದದಲ್ಲಿ ಆಮ್ಲ ಹೆಚ್ಚುತ್ತಾ ಹೋಗಿ ನಾರು ತುಂಡಾಗುತ್ತದೆ. ಇಂಥ ಹಾಳೆಯನ್ನು ಮೂಲೆ ಹಿಡಿದು ಎತ್ತಬಾರದು. ಅಡಿಗೆ ತೆಳುವಾದ ರಟ್ಟು ತೂರಿಸಿ, ಹಾಳೆ ಅದರ ಮೇಲೆ ಪೂರ್ತಿ ಕೂತ ಮೇಲೆ ಎರಡನ್ನೂ ಒಟ್ಟಿಗೆ ಮಗುಚಿ. ಹಾಗೂ ಮುರಿದರೆ ಅಲ್ಲಿಗೇ ನಿಲ್ಲಿಸಿ. ಚೂರುಗಳನ್ನು ಲಕೋಟೆಗೆ ಹಾಕಿ ಪುಟದ ಸಂಖ್ಯೆ ಬರೆದಿಡಿ, ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ಮುಂದಿನದು ಕಾಗದ ಸಂರಕ್ಷಣೆ ಬಲ್ಲವರ ಕೆಲಸ.

ಪ್ರಶ್ನೆ: ಬಲಪುಟ ಒಂದು ಕಡೆ, ಎಡಪುಟ ಇನ್ನೊಂದು ಕಡೆ ಆದರೆ ಫೈಲ್‌ಗಳು ಕಲಸಿಹೋಗುವುದಿಲ್ಲವೇ?

ಉತ್ತರ: ಎರಡು ಫೋಲ್ಡರ್ ಮಾಡಿ. ಬಲಪುಟಗಳಿಗೆ 0001, 0003, 0005 ಅಂತ ಹೆಸರು ಕೊಡಿ. ಎಡಪುಟಗಳಿಗೆ ಕೊನೆಯ ಸಂಖ್ಯೆಯಿಂದ ಇಳಿಕೆಯ ಕ್ರಮದಲ್ಲಿ, ಉದಾಹರಣೆಗೆ ಕೊನೆಯದು 400 ಆಗಿದ್ದರೆ 0400, 0398 ಅಂತ ಕೊಡಿ. ಗುಂಪಾಗಿ ಹೆಸರು ಬದಲಿಸುವ ತಂತ್ರಾಂಶ ಇದನ್ನು ಚಿಟಿಕೆಯಲ್ಲಿ ಮಾಡುತ್ತದೆ. ಎಡಪುಟದ ಎಣಿಕೆ 0002ಕ್ಕೇ ಬಂದು ನಿಲ್ಲಬೇಕು. 0004ಕ್ಕೆ ನಿಂತರೆ ಎಲ್ಲೋ ಒಂದು ಪುಟ ತಪ್ಪಿದೆ. ಅದನ್ನು ಪುಸ್ತಕ ಇನ್ನೂ ಪೀಠದ ಮೇಲಿರುವಾಗಲೇ ಹುಡುಕಿಕೊಳ್ಳಿ.