ಎಚ್‌ಆರ್ ಓದೋಕೆ 8 ಲಕ್ಷ ಸಾಲ ಮಾಡ್ಬೋದಾ?

ಪ್ರಶ್ನೆ: ಬಿಕಾಂ ಆಯ್ತು ಮೇಡಂ. ಎಂಬಿಎ ಎಚ್‌ಆರ್‌ಗೆ ಮ್ಯಾನೇಜ್‌ಮೆಂಟ್ ಸೀಟು, 8 ಲಕ್ಷ ಲೋನ್ ಬೇಕು. ಶುರುನಲ್ಲಿ 25 ಸಾವಿರ ಸಂಬಳ ಅಂತಾರೆ, ತಗೊಳ್ಲಾ?

ಉತ್ತರ: ಬೇಡಮ್ಮ. ಬಡ್ಡಿ 10.5 ಪರ್ಸೆಂಟ್ ಅಂದ್ಕೋ, ವರ್ಷಕ್ಕೆ 4 ಲಕ್ಷದ ಹಾಗೆ ತಗೊಂಡ್ರೂ ಓದೋ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟದೇ ಇದ್ರೂ ಬಡ್ಡಿ ಓಡ್ತಾನೇ ಇರತ್ತೆ, ಸಾಲ 10 ಲಕ್ಷ ದಾಟತ್ತೆ, 7 ವರ್ಷಕ್ಕೆ ಇಎಂಐ ತಿಂಗಳಿಗೆ ಹತ್ರಹತ್ರ 17 ಸಾವಿರ. ಉಳಿದ 8 ಸಾವಿರದಲ್ಲಿ ಬೆಂಗಳೂರಲ್ಲಿ ಪಿಜಿ ಬಾಡಿಗೆ ಕೊಟ್ಟು ಊಟ, ಬಸ್ಸು ಹೇಗೆ ನೋಡ್ಕೋತೀಯ? ಮನೆಯವರ ಹತ್ರಾನೇ ಕೈಚಾಚ್ಬೇಕಾಗತ್ತೆ.

ಪಿಜಿಸಿಇಟಿ (ಎಂಬಿಎ ಸೇರೋಕೆ ರಾಜ್ಯದಲ್ಲಿ ನಡೆಸೋ ಪ್ರವೇಶ ಪರೀಕ್ಷೆ) ಬರೆದು ಸರ್ಕಾರಿ ಕೋಟಾ ಸೀಟಿಗೆ ಟ್ರೈ ಮಾಡು, ಇಲ್ಲಾ ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಮಾಸ್ಟರ್ ಡಿಗ್ರಿನಲ್ಲಿ ಎಚ್‌ಆರ್ ತಗೋ, ಫ್ಯಾಕ್ಟರಿ ಕಡೆ ಅದಕ್ಕೆ ಒಳ್ಳೆ ಬೆಲೆ ಇದೆ. ಪೇರೋಲ್ (ಸಂಬಳದ ಲೆಕ್ಕ), ಪಿಎಫ್, ಇಎಸ್‌ಐ ಕೆಲಸ ಈಗ್ಲೇ ಕಲಿ. ಕಾಲೇಜಿನವರು ಹೈಯೆಸ್ಟ್ ಪ್ಯಾಕೇಜ್ ತೋರಿಸಿದ್ರೆ, ಎಚ್‌ಆರ್‌ನವರಿಗೆ ಮಾತ್ರ ಸಿಕ್ಕಿದ ಮೀಡಿಯನ್, ಅಂದ್ರೆ ಸಾಲಾಗಿ ಜೋಡಿಸಿದ್ರೆ ನಡುವೆ ಬರೋ ಸಂಬಳ, ಎಷ್ಟು ಅಂತ ಕೇಳು.